ಕಣ್ಣು ಮುಚ್ಚೋ ಕ್ಲಾಸು

ಕಮಲಾಪುರದ ಹುಡುಗರು ನನ್ನ ತರಗತಿಗೆ ಇಟ್ಟ ಹೆಸರು ಅದು. ಸಂಸ್ಥೆಯ ಬ್ಯಾನರಿನ ಮೇಲೆ ‘ನಾಯಕತ್ವಕ್ಕಾಗಿ ಮೈಂಡ್‌ಫುಲ್‌ನೆಸ್’ ಎಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಅದನ್ನು ಓದಲು ಹೋಗಿ ನಾಲಿಗೆ ತೊಡರಿ ನಕ್ಕವರೇ ಹೆಚ್ಚು. "ಲೇ, ಕಣ್ಣು ಮುಚ್ಚೋ ಕ್ಲಾಸು ಸುರು ಆತು, ಬರ್ರಿ" ಎಂದು ಒಳಗಿನವರು ಹೊರಗೆ ಚಹಾ ಕುಡಿಯುತ್ತಿದ್ದವರನ್ನು ಕೂಗುವುದು ನನಗೂ ಕೇಳಿಸುತ್ತಿತ್ತು. ಆಗ ನನಗೆ ಅದರಲ್ಲಿ ಬೇಸರವೇನೂ ಇರಲಿಲ್ಲ. ಬೇಸರ ಬಂದದ್ದು ಆ ಹೆಸರೇ ನಿಜವಾದಾಗ.

ನಾನು ಸನ್ಯಾಸಿನಿಯೂ ಅಲ್ಲ, ಯೋಗದ ಗುರುವೂ ಅಲ್ಲ. ಕಲಬುರಗಿಯ ಬ್ರಹ್ಮಪುರದ ಹಳೇ ಮನೆಯೊಂದರಲ್ಲಿ, ಒಳಗೆ ಅರ್ಧ ಮರಾಠಿ, ಹೊರಗೆ ಪೂರ್ತಿ ಕನ್ನಡ ಆಡಿಕೊಂಡು ಬೆಳೆದವಳು. ಡಿಗ್ರಿ ಕಾಲೇಜೊಂದರಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದೆ. ಒಂದು ಬೇಸಿಗೆಯಲ್ಲಿ ಪಾಠದ ನಡುವೆ ಎದೆ ಡವಗುಟ್ಟಿ, ಕೈಕಾಲು ತಣ್ಣಗಾಗಿ, ಗೋಡೆ ಹಿಡಿದು ನಿಂತುಬಿಟ್ಟೆ. ಸತ್ತೇ ಹೋದೆ ಅಂದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಎಲ್ಲ ಪರೀಕ್ಷೆ ಮಾಡಿದ ಮೇಲೆ ಡಾಕ್ಟರು, "ನಿಮ್ಮ ಹಾರ್ಟು ಮಸ್ತ್ ಅದ್ರಿ. ಇದು ಅಂಜಿಕಿ. ಓಡಿದಷ್ಟೂ ಬೆನ್ನು ಹತ್ತತದ. ಅದರ ಎದುರಿಗೆ ಕುಂದ್ರೋದು ಕಲೀರಿ" ಎಂದರು. ಕಲಿತೆ. ಅಂಜಿಕೆ ಪೂರ್ತಿ ಹೋಗಲಿಲ್ಲ. ಆದರೆ ಅದು ಬರುವಾಗ ಹೆಜ್ಜೆಯ ಸಪ್ಪಳ ಗುರುತು ಹಿಡಿಯುವಷ್ಟಾದೆ. ಮೈಯಲ್ಲಿ ಆಗುತ್ತಿರುವುದನ್ನು ಆಗುತ್ತಿರುವಾಗಲೇ ತಿಳಿಯುವುದು ಎಂಬುದಷ್ಟೇ ನನ್ನ ವಿದ್ಯೆ. ಅದಕ್ಕೆ ಇಂಗ್ಲಿಷಿನಲ್ಲಿ ದೊಡ್ಡ ಹೆಸರಿದೆ ಎಂದು ನನಗೆ ಆಮೇಲೆ ಗೊತ್ತಾಯಿತು.

ಯುವಕ ಯುವತಿಯರಿಗೆ ನಾಯಕತ್ವ ತರಬೇತಿ ಕೊಡುವ ಸಂಸ್ಥೆಯೊಂದರ ನಿರ್ದೇಶಕರು ಒಂದು ದಿನ ಕಾಲೇಜಿಗೆ ಬಂದು ನನ್ನನ್ನು ಕಂಡರು. ಇಸ್ತ್ರಿ ಮಾಡಿದ ಖಾದಿ, ಮೃದು ಮಾತು. "ಲೀಡರ್ ಆಗೋ ಹುಡುಗ್ರಿಗೆ ಮನಸ್ಸು ತಣ್ಣಗ ಇರಬೇಕ್ರಿ ಮೇಡಂ. ಈಗಿನವರದು ಬರೇ ಮೊಬೈಲು, ಬರೇ ಸಿಟ್ಟು. ರವಿವಾರ ರವಿವಾರ ಬಂದು ಜರಾ ದುರುಸ್ತ ಮಾಡ್ರಿ" ಎಂದರು. ಒಪ್ಪಿಕೊಂಡೆ. ಸಂಬಳದ ಕೆಲಸಕ್ಕಿಂತ ಇದರಲ್ಲಿ ಉಪಯೋಗ ಹೆಚ್ಚು ಅನ್ನಿಸಿತ್ತು.

ಎರಡು ತಂಡಗಳಿದ್ದವು. ಮುಂಜಾನೆಯ ತಂಡ ಕುಸನೂರಿನ ಬಾಡಿಗೆ ಹಾಲ್‌ನಲ್ಲಿ ಸೇರುತ್ತಿತ್ತು. ಅಲ್ಲಿ ಬರುವವರು ನಗರದ ಕಾಲೇಜಿನವರು, ಪ್ರಮಾಣಪತ್ರಕ್ಕಾಗಿ ಬರುವವರು. ಕಣ್ಣು ಮುಚ್ಚಿ ಎಂದರೆ ಮುಚ್ಚುತ್ತಿದ್ದರು, ತೆರೆಯಿರಿ ಎಂದರೆ ಮೊಬೈಲು ತೆರೆಯುತ್ತಿದ್ದರು. ಮಧ್ಯಾಹ್ನ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತಿದ್ದೆ. ಅಲ್ಲಿನ ಸಮುದಾಯ ಭವನಕ್ಕೆ ತಗಡಿನ ಮಾಡು. ಬಿಸಿಲು ಏರಿದರೆ ಒಳಗೆ ಕೂತವರು ಬೆಂದು ಹೋಗಬೇಕು. ಸುತ್ತಲಿನ ಹಳ್ಳಿಗಳ ಹುಡುಗ ಹುಡುಗಿಯರು ಬೆವರು ಒರೆಸಿಕೊಳ್ಳುತ್ತ ಕೂತಿರುತ್ತಿದ್ದರು, ಏನು ಹೇಳಿದರೂ ಪರೀಕ್ಷೆ ಮಾಡಿ ನೋಡುವವರ ಹಾಗೆ.

ಒಮ್ಮೆ ಕಮಲಾಪುರದ ಕೆಂಪು ಬಾಳೆಹಣ್ಣು ತಂದು, ಹೋಳು ಮಾಡಿ ಎಲ್ಲರ ಕೈಗೆ ಕೊಟ್ಟೆ. ಅವಸರ ಮಾಡದೆ, ವಾಸನೆ ನೋಡಿ, ನಾಲಿಗೆಯ ಮೇಲಿಟ್ಟು, ಏನಾಗುತ್ತದೆಂದು ಗಮನಿಸಿ ತಿನ್ನಿ ಎಂದೆ. ತಿಂದಾದ ಮೇಲೆ ಮುಂದಿನ ಸಾಲಿನಲ್ಲಿದ್ದ ಮಹಾಗಾಂವದ ಎತ್ತರದ ಹುಡುಗಿ ಕೈ ಎತ್ತಿದಳು. "ಮೇಡಂ, ನಮ್ಮ ಕಾಕಾ ಇದೇ ಹಣ್ಣಿನ ತ್ವಾಟದಾಗ ಕೂಲಿ ಮಾಡ್ತಾನ್ರಿ. ಖರೆ ನಾ ಇವತ್ತೇ ಮೊದಲ ಸಲ ತಿಂದೀನಿ. ಗಮನ ಇಟ್ಟು ತಿಂದೆ ನೋಡ್ರಿ, ರುಚಿಕಿಂತ ಮದಲ ಅದೇ ನೆನಪಾತು."

ಆ ಹುಡುಗಿಗೆ ಮಾತಿನ ವರ ಇತ್ತು. ಅವಳ ಪಕ್ಕದಲ್ಲಿ ಸದಾ ಕೂರುತ್ತಿದ್ದವಳು ಅವಳದೇ ಓಣಿಯ ಗೆಳತಿ, ದಪ್ಪ ಕನ್ನಡಕದ ಸಣ್ಣ ಹುಡುಗಿ. ಇಬ್ಬರೂ ಕಲಬುರಗಿಯ ಒಂದೇ ಕಾಲೇಜಿಗೆ ಹೋಗುವವರು. ಎತ್ತರದವಳು ಮಾತಾಡಿದರೆ ಕನ್ನಡಕದವಳು ತಲೆಯಾಡಿಸುತ್ತಿದ್ದಳು.

ಆದರೆ ಬಸ್ಸಿನ ಮಾತು ಮೊದಲು ತೆಗೆದವಳು ಕನ್ನಡಕದ ಹುಡುಗಿ. ಈ ವಾರ ನಿಮ್ಮ ಮೈಯಲ್ಲಿ ಏನು ಗಮನಕ್ಕೆ ಬಂತು ಎಂದು ಒಂದು ರವಿವಾರ ಎಲ್ಲರನ್ನೂ ಕೇಳುತ್ತಿದ್ದೆ. ಯಾರೋ ಮೊಣಕಾಲ ನೋವು ಎಂದರು, ಯಾರೋ ನಿದ್ದೆ ಎಂದರು. ಅವಳ ಸರದಿ ಬಂದಾಗ ಕೈಗಳನ್ನು ನೋಡಿಕೊಳ್ಳುತ್ತ, "ನನ್ನ ಮುಷ್ಟಿ ಬಿಗಿಯಾಗ್ತದ್ರಿ ಮೇಡಂ. ದಿನಾ ಮುಂಜಾನಿ, ಕ್ರಾಸಿನಾಗ" ಎಂದಳು.

"ಕ್ರಾಸಿನಾಗ ಏನಾಗ್ತದವಾ?"

"ಬಸ್ಸು ಬರ್ತದ್ರಿ. ಹುಡುಗ್ಯಾರು ನಿಂತದ್ದು ನೋಡಿ ಡ್ರೈವರ್ ಸ್ಪೀಡ್ ಹೆಚ್ಚ ಮಾಡ್ತಾನ. ಹೆಣ್ಮಕ್ಕಳಿಗಿ ಟಿಕೆಟ್ ಇಲ್ಲಲ್ಲರಿ, ನಾವು ಹತ್ತಿದ್ರೇನು ಬಿಟ್ರೇನು. ದೂರ ಹೋಗಿ ಯಾರನ್ನರ ಇಳಸಾಕ ನಿಂದ್ರಸ್ತಾನ. ನಾವು ಓಡ್ತೀವಿ. ಮುಟ್ಟೂದರಾಗ ಬಿಟ್ಟು ಹೋಗ್ತಾನ. ಆಮ್ಯಾಲ ಟೆಂಪೋರಿ. ಟೆಂಪೋದಾಗ..."

ಅಲ್ಲಿಗೆ ನಿಲ್ಲಿಸಿದಳು. ಗೆಳತಿ ಪೂರ್ತಿ ಮಾಡಿದಳು. "ಟೆಂಪೋದಾಗ ಜಾಗ ಇಲ್ಲಂದ್ರ ನಮ್ಮ ತೊಡಿ ಮ್ಯಾಲ ಕುಂದ್ರಿ ಅಂತಾರ್ರಿ ಗಂಡಸರು. ಅಂದು ನಗ್ತಾರ."

"ಆಗ ನೀ ಏನು ಮಾಡ್ತಿ?" ಎಂದು ಕನ್ನಡಕದವಳನ್ನೇ ಕೇಳಿದೆ.

"ನೀವು ಹೇಳಿದಂಗ ಉಸಿರು ನೋಡ್ತೀನ್ರಿ. ಖರೆ ಉಸಿರು ನೋಡಿದ್ರ ಬಸ್ಸು ನಿಂದ್ರಂಗಿಲ್ಲರಿ ಮೇಡಂ."

ಭವನವೆಲ್ಲ ನಕ್ಕಿತು. ಅವಳೂ ನಕ್ಕಳು. ನಾನು, "ಬಸ್ಸು ನಿಂದ್ರಸಾಕ ಅಲ್ಲವಾ ಅದು. ಮುಷ್ಟಿ ಯಾಕ ಬಿಗಿತದ ಅಂತ ತಿಳ್ಕೊಳ್ಳಾಕ. ತಿಳೀತಲ್ಲ? ಸಿಟ್ಟು ಬಂದದ್ದು ನೋಡ್ರಿ. ಅದು ಏನು ಹೇಳಾಕತ್ತದ ಕೇಳ್ರಿ. ಆಮ್ಯಾಲ ಏನು ಮಾಡಬೇಕು ಅಂಬೋದು ನೀವೇ ಠರಾಯಿಸ್ರಿ" ಎಂದೆ.

ಅವರು ಠರಾಯಿಸಿದರು. ಪ್ರತಿ ತಂಡವೂ ಊರಿಗೆ ಉಪಯೋಗವಾಗುವ ಒಂದು ಕೆಲಸ ಮಾಡಬೇಕೆಂಬ ನಿಯಮ ತರಬೇತಿಯಲ್ಲೇ ಇತ್ತು. ಬೇರೆಯವರು ಗೋಡೆ ಬರಹ, ಸಸಿ ನೆಡುವುದು ಎಂದರೆ, ಇವರು ಮಹಾಗಾಂವ ಕ್ರಾಸಿನಲ್ಲಿ ಬಸ್ಸು ನಿಲ್ಲಿಸುವುದು ಎಂದರು. ಬಸ್ ಡಿಪೋಕ್ಕೆ ಮನವಿ ಕೊಟ್ಟರು. ಮತ್ತೆ ಕೊಟ್ಟರು. ಯಾರೂ ಓದಿದ ಸುಳಿವಿರಲಿಲ್ಲ. ಕೊನೆಗೆ ಒಂದು ಮುಂಜಾನೆ ಹುಡುಗಿಯರೆಲ್ಲ ಸೇರಿ ಕ್ರಾಸಿನಲ್ಲಿ ಬಸ್ಸಿನ ಎದುರು ಕೂರುವುದೆಂದು ಮಾತಾಯಿತು. ನಿರ್ದೇಶಕರು ಮೊದಮೊದಲು ಎಲ್ಲರ ಮುಂದೆ ಹೊಗಳಿದರು. "ನೋಡ್ರಿ, ಇದು ಲೀಡರ್‌ಶಿಪ್" ಎಂದು ಎತ್ತರದ ಹುಡುಗಿಯನ್ನು ವೇದಿಕೆಗೆ ಕರೆದು ಚಪ್ಪಾಳೆ ಹೊಡೆಸಿದರು.

ಅಷ್ಟರಲ್ಲಿ ತರಬೇತಿಯ ಸಮಾರೋಪಕ್ಕೆ ಬರುವ ಮುಖ್ಯ ಅತಿಥಿ ಯಾರೆಂದು ನಿಕ್ಕಿಯಾಯಿತು. ಕಚೇರಿಗಳಲ್ಲಿ ಮಾತು ನಡೆಯುವ ದೊಡ್ಡ ಮನುಷ್ಯರು, ಸಂಸ್ಥೆಗೆ ಸ್ವಂತ ಜಾಗ ಕೊಡಿಸುತ್ತೇನೆಂದು ಹೇಳಿದವರು. ಅವರ ಸೀಮೆಯಲ್ಲೇ ರಸ್ತೆ ತಡೆದರೆ ಅವರಿಗೆ ಮುಖಭಂಗ. ಕುಸನೂರಿನ ಹಾಲ್‌ನಲ್ಲಿ ಮುಂಜಾನೆಯ ತಂಡ ಹೋದ ಮೇಲೆ ನಿರ್ದೇಶಕರು ಕುರ್ಚಿ ಎಳೆದುಕೊಂಡು ನನ್ನ ಎದುರು ಕೂತರು.

"ಆ ಮಹಾಗಾಂವದ ಹುಡುಗ್ಯಾರ್ದು ಜರಾ ಹೆಚ್ಚಾತ್ರಿ ಮೇಡಂ. ರಸ್ತೆದಾಗ ಕುಂದ್ರೋದು ಲೀಡರ್‌ಶಿಪ್ ಅಲ್ಲ."

"ಮದಲ ನೀವೇ ಹೌದಂದಿದ್ರಲ್ಲ ಸರ್?"

"ಅವಾಗ ಬರೇ ಮಾತಿತ್ರಿ" ಎಂದು ನಕ್ಕರು. "ನೀವು ಇವತ್ತು ಮಧ್ಯಾಹ್ನ ಒಂದು ಲಂಬಾ ಸೆಷನ್ ತಗೋರಿ. ತಾಳ್ಮಿ, ಕ್ಷಮಾ, ಇದ್ದದ್ದು ಒಪ್ಕೊಳ್ಳೋದು, ಅಂಥಾದ್ದು. ಅವರ ಸಿಟ್ಟು ಇಳೀಬೇಕು. ಅದಕ್ಕೇ ಅಲ್ರಿ ನಿಮ್ಮನ್ನ ಕರ್ಕೊಂಡು ಬಂದದ್ದು?"

ನನ್ನ ಕಿವಿ ಬಿಸಿಯಾದವು. ಅದನ್ನೂ ಗಮನಿಸಿದೆ. "ಅವರ ಸಿಟ್ಟು ರೋಗ ಅಲ್ರಿ ಸರ್. ಕಣ್ಣು ತೆರೆದು ನೋಡಿದವರಿಗೆ ಬರೋ ಸಿಟ್ಟು ಅದು. ಅದನ್ನ ಇಳಸೋ ಔಷಧ ನನ್ನ ಕಡಿ ಇಲ್ಲ. ಇದ್ರೂ ಕೊಡಂಗಿಲ್ಲ."

"ನೀವು ಓದಿದವರು. ಎಲ್ಲಾದಕ್ಕೂ ಉದ್ದ ಮಾತಾಡ್ತೀರಿ" ಎಂದು ಅವರು ಎದ್ದರು. ಮುಖದ ಮೇಲಿನ ನಗು ಹಾಗೇ ಇತ್ತು. ಆ ಮಧ್ಯಾಹ್ನ ಕಮಲಾಪುರದಲ್ಲಿ ಎಂದಿನಂತೆಯೇ ತರಗತಿ ಮಾಡಿದೆ. ಮರುದಿನ ಕಚೇರಿಯ ಹುಡುಗಿ ಫೋನ್ ಮಾಡಿ, "ಬರೋ ರವಿವಾರದಿಂದ ನೀವು ಬರೋದು ಬ್ಯಾಡಂತ್ರಿ ಮೇಡಂ, ಬ್ಯಾರೆ ವ್ಯವಸ್ಥಾ ಆಗ್ಯಾದಂತ" ಎಂದಳು. ಯಾಕೆ ಎಂದು ನಾನು ಕೇಳಲಿಲ್ಲ. ಪಾಪ, ಅವಳಿಗೂ ಗೊತ್ತಿದ್ದಿರಲಾರದು.

ರಸ್ತೆಯಲ್ಲಿ ಕೂರುವ ದಿನದ ಹಿಂದಿನ ಸಂಜೆ ಎತ್ತರದ ಹುಡುಗಿ ಫೋನ್ ಮಾಡಿದಳು. ದನಿಯಲ್ಲಿ ಹುರುಪು ತುಂಬಿ ತುಳುಕುತ್ತಿತ್ತು. "ಮೇಡಂ, ನಾಳಿಗೆ ಕುಂದ್ರತೀವ್ರಿ. ಎಲ್ಲಾರ್ಕಿಂತ ಮುಂದ ನಾನೇ. ನೀವು ಬರ್ರಿ ಮೇಡಂ. ಏನೂ ಮಾಡೋದು ಬ್ಯಾಡ, ಬರೇ ನಿಂದ್ರಿ. ನೀವು ನಿಂತಿದ್ರ ನಮಗ ಧೈರ್ಯ."

ಹೋದೆ. ಚಳಿಯ ಮುಂಜಾನೆ. ರಸ್ತೆಯ ಎರಡೂ ಬದಿ ಕೊಯ್ದ ತೊಗರಿಯ ಒಟ್ಟಿಲುಗಳು. ನಾನು ಟೆಂಪೋದಿಂದ ಕ್ರಾಸಿನಲ್ಲಿ ಇಳಿದಾಗ ಬೆರಳೆಣಿಕೆಯಷ್ಟು ಹುಡುಗಿಯರು ದುಪಟ್ಟಾದಿಂದ ಕಿವಿ ಮುಚ್ಚಿಕೊಂಡು ನಿಂತಿದ್ದರು. ಎತ್ತರದ ಹುಡುಗಿ ಇರಲಿಲ್ಲ. ಕನ್ನಡಕದವಳು ಮತ್ತೆ ಮತ್ತೆ ಫೋನ್ ಹಚ್ಚುತ್ತಿದ್ದಳು. "ಸ್ವಿಚ್ ಆಫ್ ಬರಾಕತ್ತದ್ರಿ ಮೇಡಂ. ಚಾರ್ಜ್ ಹೋಗಿರಬೇಕು. ಬರ್ತಾಳ್ರಿ, ಖಂಡಿತ ಬರ್ತಾಳ." ಬಸ್ಸು ಕಾಣಿಸಿದಾಗ ಆಕೆ ಇನ್ನೂ ಊರ ದಾರಿಯ ಕಡೆಗೇ ನೋಡುತ್ತಿದ್ದಳು. ಆಮೇಲೆ ಫೋನನ್ನು ಚೀಲದಲ್ಲಿಟ್ಟು, ರಸ್ತೆಯ ನಡುವೆ ಹೋಗಿ ತಾನೇ ಮೊದಲು ಕೂತಳು. ಉಳಿದವರು ಅವಳ ಹಿಂದೆ ಕೂತರು.

ಬಸ್ಸು ಕಿರುಚಿ ನಿಂತಿತು. ಹಿಂದೆ ಲಾರಿ, ಟೆಂಪೋ, ಬೈಕುಗಳ ಸಾಲು. ಡ್ರೈವರ್ ಕಿಟಕಿಯಿಂದ ಬೈದ. ಆಫೀಸಿಗೆ ಹೊರಟವರು ಇಳಿದು ಬಂದು ಬೈದರು. ಹೆಂಗಸರೂ ಬೈದರು. ಎಲ್ಲರ ಕೈಯಲ್ಲೂ ಮೊಬೈಲು ಮೇಲೆದ್ದವು. ಕನ್ನಡಕದ ಹುಡುಗಿ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು, ಬಸ್ಸಿನ ಗಾಜನ್ನೇ ನೋಡುತ್ತ ಕೂತಿದ್ದಳು. ಅವಳ ಉಸಿರು ಏರಿ ಇಳಿಯುವುದು ನನಗೆ ಕಾಣುತ್ತಿತ್ತು. ಅಷ್ಟು ದಿನ ಕಲಿಸಿದ್ದರಲ್ಲಿ ನನ್ನ ಪಾಠ ಅಷ್ಟು ಸರಿಯಾಗಿ ಯಾರ ಮೈಯಲ್ಲೂ ಇಳಿದದ್ದನ್ನು ನಾನು ಕಂಡಿರಲಿಲ್ಲ.

"ಯಾರ್ರೀ ಇವರನ್ನ ಕುಂದ್ರಿಸಿದ್ದು?" ಎಂದು ಒಬ್ಬ ಕೂಗಿದ. ಇನ್ನೊಬ್ಬ ನನ್ನ ಕಡೆ ಕೈ ಮಾಡಿದ. "ಆ ನಿಂತಾರಲ್ಲ, ಅವರೇ. ಸಿಟಿದಿಂದ ಬಂದು ಹಳ್ಳಿ ಹುಡುಗ್ಯಾರ ತಲಿ ಕೆಡಿಸ್ತಾರ." ಪೊಲೀಸ್ ಜೀಪು ಬಂತು. ಅದರ ಬೆನ್ನಿಗೇ ಊರ ಕಡೆಯಿಂದ ಬೈಕುಗಳ ಮೇಲೆ ಅಪ್ಪಂದಿರು, ಕಾಕಾಗಳು ಬಂದರು. ಪೊಲೀಸರು ಏನೂ ಮಾಡುವ ಅಗತ್ಯ ಬೀಳಲಿಲ್ಲ. ಮನೆಯವರೇ ಒಬ್ಬೊಬ್ಬರನ್ನಾಗಿ ಎಬ್ಬಿಸಿಕೊಂಡು ಹೋದರು. ಕನ್ನಡಕದ ಹುಡುಗಿಯ ಕಾಕಾ ಅವಳ ರಟ್ಟೆ ಹಿಡಿದು ಎಳೆದಾಗ ಕನ್ನಡಕ ಬಿತ್ತು. ನಾನು ಎತ್ತಿಕೊಡಲು ಮುಂದೆ ಹೋದೆ. ಆತ ನನ್ನ ಕೈಯಿಂದ ಅದನ್ನು ಕಸಿದುಕೊಂಡು, "ಸಾಕ್ರಿ ನಿಮ್ಮ ಕಲಿಸಾಣ" ಎಂದ. ಸ್ವಲ್ಪ ಹೊತ್ತಿನಲ್ಲಿ ರಸ್ತೆ ಖಾಲಿಯಾಯಿತು. ಬಸ್ಸು ಹೋಯಿತು. ನಾನು ಎದುರು ದಿಕ್ಕಿನ ಟೆಂಪೋ ಒಂದನ್ನು ಹತ್ತಿ, ಕಮಲಾಪುರಕ್ಕೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು ಮನೆ ಸೇರಿದೆ. ಆ ಕ್ರಾಸಿನಲ್ಲಿ ಇನ್ನೂ ನಿಲ್ಲುವ ಶಕ್ತಿ ನನಗಿರಲಿಲ್ಲ.

ವಾರದ ಮೇಲೆ ಮಹಾಗಾಂವಕ್ಕೆ ಹೋದೆ. ಕನ್ನಡಕದ ಹುಡುಗಿಯ ತಾಯಿ ಹೊಸ್ತಿಲಲ್ಲೇ ನಿಂತು ಮಾತಾಡಿದರು. ಒಳಗೆ ಬನ್ನಿ ಎನ್ನಲಿಲ್ಲ. ನಮ್ಮ ಸೀಮೆಯಲ್ಲಿ ಬಾಗಿಲಿಗೆ ಬಂದವರಿಗೆ ನೀರು ಸಹ ಕೊಡದೆ ಇರುವುದು ಎಂದರೆ ಏನೆಂದು ಹೇಳಬೇಕಿಲ್ಲ.

"ಹುಡುಗಿ ಹ್ಯಾಂಗಿದ್ದಾಳ್ರಿ?" ಎಂದೆ.

"ಇದ್ದಾಳ್ರಿ ಅಕ್ಕಾರ. ನಿಮ್ಮ ಮಾತು ಕೇಳಿ ರಸ್ತೆದಾಗ ಕುಂತಳು. ಈಗ ಮನ್ಯಾಗ ಕುಂತಾಳ. ಸಾಕಾತೇನ್ರಿ?"

"ನಾನು ಕುಂದ್ರು ಅಂದಿದ್ದಿಲ್ಲರಿ ತಾಯಿ."

"ಕುಂದ್ರಬ್ಯಾಡ ಅಂತಾದ್ರೂ ಅಂದಿದ್ರೇನು?" ಎಂದರು ಅವರು. ದನಿ ಏರಿಸಲಿಲ್ಲ. "ಆ ವಿಡಿಯೋ ಎಲ್ಲಾರ ಮೊಬೈಲಿನಾಗ ಅದ. ಅವರಪ್ಪ ಅಂಗಡಿ ಕಡಿ ಹೋಗೋದು ಬಿಟ್ಟಾನ. ಕಾಲೇಜು ಸಾಕಂದಾನ. ನಾ ಏನು ಮಾಡಲಿ?" ಒಳಗಿನ ಕೋಣೆಯಲ್ಲಿ ಪಾತ್ರೆಯ ಸಪ್ಪಳವಾಗಿ ತಟ್ಟನೆ ನಿಂತಿತು. ಅವಳು ಅಲ್ಲೇ ನಿಂತು ಕೇಳುತ್ತಿದ್ದಳೆಂದು ನನಗೆ ಗೊತ್ತು. ಹೊರಗೆ ಬರಲಿಲ್ಲ. ಅಥವಾ ಬಿಡಲಿಲ್ಲ.

ಎತ್ತರದ ಹುಡುಗಿಯನ್ನು ಮತ್ತೆ ಕಂಡದ್ದು ಸಮಾರೋಪದಲ್ಲಿ. ನನ್ನನ್ನು ಯಾರೂ ಕರೆದಿರಲಿಲ್ಲ. ಕರೆಯದಿದ್ದರೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಸಮುದಾಯ ಭವನಕ್ಕೆ ಬಣ್ಣದ ಬಟ್ಟೆಯ ಝಾಲರು ಕಟ್ಟಿದ್ದರು, ಬಾಡಿಗೆ ಕೂಲರು ಗುರ್ರೆನ್ನುತ್ತಿತ್ತು. ದೊಡ್ಡ ಮನುಷ್ಯರು ವೇದಿಕೆಯ ಮಧ್ಯದಲ್ಲಿದ್ದರು. "ಈಗ ನಮ್ಮದೇ ತಂಡದಾಗ ಬೆಳೆದು, ಇವತ್ತು ನಮ್ಮ ಮೈಂಡ್‌ಫುಲ್‌ನೆಸ್ ತರಬೇತುದಾರರಾದವರು" ಎಂದು ನಿರ್ದೇಶಕರು ಕರೆದರು. ಹೊಸ ಸೀರೆಯುಟ್ಟು ಮೈಕಿನ ಎದುರು ಬಂದು ನಿಂತವಳು ಅವಳೇ.

"ಎಲ್ಲಾರೂ ನೆಟ್ಟಗ ಕುಂದ್ರಿ. ಕಣ್ಣು ಮುಚ್ಚಿರಿ" ಎಂದಳು. ನನ್ನದೇ ಧಾಟಿ, ನಾನು ನಿಲ್ಲಿಸುವ ಕಡೆಯಲ್ಲೇ ನಿಲ್ಲಿಸುತ್ತಿದ್ದಳು. "ಸಿಟ್ಟು ಬಂದದ್ದು ನೋಡ್ರಿ. ಅದು ಮೋಡ ಇದ್ದಂಗ. ಬರ್ತದ, ಹೋಗ್ತದ. ನೀವೇನೂ ಮಾಡಬ್ಯಾಡ್ರಿ. ಹೋಗಗೊಡ್ರಿ." ನನ್ನ ಮಾತಿನ ಮೊದಲ ತುಂಡನ್ನು ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದ್ದಳು. ಸಿಟ್ಟು ಏನು ಹೇಳುತ್ತದೆ ಎಂದು ಕೇಳುವುದು ಹೋಗಿತ್ತು. ಏನು ಮಾಡಬೇಕೆಂದು ನೀವೇ ತೀರ್ಮಾನಿಸಿ ಎಂಬುದೂ ಹೋಗಿತ್ತು. ದೊಡ್ಡ ಮನುಷ್ಯರು ಕಣ್ಣು ಮುಚ್ಚಿ ಬಹಳ ಶಾಂತವಾಗಿ ಕೂತಿದ್ದರು. ಸಭೆಯಲ್ಲಿ ಕಣ್ಣು ತೆರೆದಿದ್ದವರು ನಾವಿಬ್ಬರೇ, ಅವಳು ಮತ್ತು ನಾನು. ಅವಳು ನನ್ನನ್ನು ಕಂಡಳು. ದನಿ ನಡುಗಲಿಲ್ಲ. ಅದನ್ನೂ ನಾನೇ ಕಲಿಸಿದ್ದು.

ಊಟದ ಸಾಲಿನ ಹಿಂದೆ ಸಿಕ್ಕು, ಬಗ್ಗಿ ಕಾಲು ಮುಟ್ಟಿದಳು. "ಬಂದೀರೇನ್ರಿ ಮೇಡಂ."

"ಅವತ್ತ ಯಾಕ ಬರಲಿಲ್ಲವಾ?"

"ನಿಮಗ ಫೋನ್ ಮಾಡಿ ಇಟ್ಟ ಮ್ಯಾಲ ಸರ್ ಮನಿಗಿ ಬಂದ್ರು. ಅಪ್ಪನ ಸಂಗಾಟ ಕುಂತು ಮಾತಾಡಿದ್ರು. ನಾಳಿಗೆ ನಾ ಹೋಗಲಿಲ್ಲಂದ್ರ ಈ ಕೆಲಸ ಅಂದ್ರು. ಅಪ್ಪ ಹೂಂ ಅಂದ."

"ನೀ?"

"ನಾನೂ ಹೂಂ ಅಂದೆ."

"ಗೆಳತಿಗಿ ಒಂದು ಮಾತು ಹೇಳಬಹುದಿತ್ತಲ್ಲ. ಅಕಿ ನಿನ್ನ ದಾರಿ ನೋಡಿ ನೋಡಿ ಒಬ್ಬಾಕಿನೇ ಮುಂದ ಕುಂತಳು."

ಅವಳ ಮುಖ ಗಟ್ಟಿಯಾಯಿತು. "ಹೇಳಬಹುದಿತ್ರಿ. ಹೇಳಿದ್ದಿಲ್ಲ. ಅದಕ್ಕ ನೀವು ಏನಂದ್ರೂ ಕೇಳ್ತೀನಿ. ಖರೆ ಒಂದು ಮಾತು ಹೇಳ್ರಿ ಮೇಡಂ. ನಿಮ್ಮನ್ನ ತಗದ್ರು. ನಿಮಗೇನಾತು? ಕಾಲೇಜದ, ಮನಿ ಅದ, ಹೋದ್ರಿ. ಸಿಟ್ಟು ಇಟ್ಕೊಳ್ಳಾಕೂ ಒಂದು ಮನಿ ಬೇಕ್ರಿ. ನಿಮಗ ಬ್ರಹ್ಮಪುರದಾಗ ಅದ. ನಮಗ ಎಲ್ಲದ?"

ಯಾರೋ ಅವಳನ್ನು ಫೋಟೋಕ್ಕೆ ಕರೆದರು. ಹೋದಳು. ಅವಳು ಮಾಡಿದ್ದು ದ್ರೋಹ, ಆಡಿದ್ದು ನಿಜ. ಎರಡನ್ನೂ ಒಟ್ಟಿಗೆ ನುಂಗಿಕೊಂಡು ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕೂತು ಉಸಿರು ನೋಡಲು ಹೋದರೆ ಉಸಿರು ಸಿಗಲಿಲ್ಲ, ಬರೀ ಆ ಮಾತು ಸಿಕ್ಕಿತು.

ಕೆಲವು ತಿಂಗಳಿಗೆ ಬಸ್ಸು ಮಹಾಗಾಂವ ಕ್ರಾಸಿನಲ್ಲಿ ನಿಲ್ಲತೊಡಗಿತು. ದೊಡ್ಡ ಮನುಷ್ಯರು ಒಂದು ಫೋನ್ ಮಾಡಿದರಂತೆ. ಅಷ್ಟೇ ಬೇಕಿದ್ದದ್ದು. ಸಂಸ್ಥೆಯ ಹೊಸ ಪತ್ರಿಕೆಯಲ್ಲಿ ಅವರು ಬಸ್ಸಿಗೆ ಹಸಿರು ಧ್ವಜ ತೋರಿಸುವ ಚಿತ್ರವಿತ್ತು. ಪಕ್ಕದಲ್ಲಿ ನಿರ್ದೇಶಕರು, ಅವರ ಪಕ್ಕದಲ್ಲಿ ಎತ್ತರದ ಹುಡುಗಿ. ಕೆಳಗೆ, ‘ತಾಳ್ಮೆಯಿಂದ ಗೆದ್ದ ಯುವ ನಾಯಕತ್ವ’ ಎಂದು. ನನ್ನ ಸಹೋದ್ಯೋಗಿಯೊಬ್ಬರು ಅದನ್ನು ತಂದು, "ನೋಡ್ರಿ, ನೀವು ಬೀಜ ಹಾಕಿದ್ರಿ" ಎಂದು ಒಳ್ಳೆಯ ಮನಸ್ಸಿನಿಂದಲೇ ತೋರಿಸಿದರು. ಪತ್ರಿಕೆ ಮಡಚಿ ವಾಪಸು ಕೊಟ್ಟೆ.

ಒಂದು ದಿನ ಗುರುತಿಲ್ಲದ ನಂಬರಿನಿಂದ ಸಂದೇಶ ಬಂತು. ‘ಮೇಡಂ ನಾನ್ರಿ. ತಮ್ಮನ ಫೋನ್ ಇದು. ಬಸ್ ಈಗ ನಿಂದ್ರಾಕತ್ತದಂತ, ಖರೆ ಏನ್ರಿ?’ ಕನ್ನಡಕದ ಹುಡುಗಿ. ಕ್ರಾಸು ಅವಳ ಮನೆಯಿಂದ ನಡೆದು ಹೋಗುವಷ್ಟು ದೂರ. ಅಲ್ಲಿ ಬಸ್ಸು ನಿಲ್ಲುತ್ತದೋ ಇಲ್ಲವೋ ಎಂದು ಆಕೆ ಕಲಬುರಗಿಯಲ್ಲಿರುವ ನನ್ನನ್ನು ಕೇಳಬೇಕಾಗಿತ್ತು. ‘ಹೂಂ ಅವಾ, ನಿಂದ್ರಾಕತ್ತದ’ ಎಂದು ಬರೆದೆ. ಅವಳು ಓದಿದ ಗುರುತು ಬಿತ್ತು. ಇನ್ನೇನಾದರೂ ಬರುತ್ತದೆಂದು ಬಹಳ ಹೊತ್ತು ಫೋನ್ ಹಿಡಿದು ಕೂತೆ. ಬರಲಿಲ್ಲ. ಆಮೇಲೆ ನಾನೇ ಬರೆದರೆ ತಮ್ಮ, ಯಾರ್ರೀ ನೀವು ಎಂದು ಕೇಳಿದ. ಉತ್ತರ ಕೊಟ್ಟರೆ ಅವಳಿಗೆ ಏನಾಗುತ್ತದೋ ಎಂದು ಸುಮ್ಮನಾದೆ.

ಮೊನ್ನೆ ನಮ್ಮ ಓಣಿಯ ಶಾಲೆಯೊಂದರ ಮುಖ್ಯಸ್ಥರು ಮನೆಗೆ ಬಂದಿದ್ದರು. ಹತ್ತನೇ ತರಗತಿಯ ಮಕ್ಕಳು ಹೇಳಿದ ಮಾತು ಕೇಳುವುದಿಲ್ಲವಂತೆ, ಎದುರು ಮಾತಾಡುತ್ತಾರಂತೆ. "ನಿಮ್ಮದು ಅದೇನೋ ಧ್ಯಾನ ಅದಂತಲ್ಲರಿ ಮೇಡಂ. ವಾರಕ್ಕೊಮ್ಮೆ ಬಂದು ಹುಡುಗ್ರನ್ನ ಜರಾ ಗಪ್ ಕುಂದ್ರಸ್ರಿ" ಎಂದರು.

"ನಾ ಅದನ್ನ ಕಲಸೋದು ಬಿಟ್ಟೀನ್ರಿ" ಎಂದೆ.

"ಯಾಕ್ರಿ, ಛಲೋ ವಿದ್ಯಾ ಅಲ್ಲೇನು?"

"ವಿದ್ಯಾ ಛಲೋನೇ ಅದ್ರಿ" ಎಂದು, ಅವರಿಗೆ ಚಹಾ ತರಲು ಒಳಗೆ ಹೋದೆ.